ತಿಂಗಳಿಗೊಂದು ಸಹಿ

ಡಲ್ಲಾಸ್
11 ಜನವರಿ 2024

ಅನುಸೂಯಾ,

ಇಲ್ಲಿ ಕ್ಷೇಮ, ಅಲ್ಲಿ ಹೇಗೆ ಎಂದು ಅರ್ಧ ಪುಟ ತುಂಬಿಸುವ ಅಭ್ಯಾಸ ನನಗಿಲ್ಲ. ವಿಷಯಕ್ಕೆ ಬರುತ್ತೇನೆ. ನಿನ್ನ ಕ್ಲಿನಿಕ್ಕಿನಿಂದ ಈ ತಿಂಗಳ ಕಟ್ಟು ಬಂತು. ಇಪ್ಪತ್ತು ಪೇಷಂಟುಗಳ ಫೈಲು. ನನ್ನ ತಮ್ಮ ಗಿರಿ ನೋಡಿದ್ದಾನೆ, ಎಲ್ಲದಕ್ಕೂ ಸಹಿ ಹಾಕಿದ್ದಾನೆ. ವಾಪಸು ಕಳಿಸಿದ್ದೇನೆ.

ಇನ್ನು ಮೇಲೆ ತಿಂಗಳ ಕೊನೆಗೆ ಫೋನ್ ಮಾಡಬೇಡ. ಗಿರಿಗೆ ಕಿವಿ ಮಂದವಾಗಿದೆ. ನನಗಂತೂ ಫೋನಿನಲ್ಲಿ ಮೊದಲೇ ಕೇಳಿಸುವುದಿಲ್ಲ. ಇಬ್ಬರು ಕಿವುಡರ ಮನೆಗೆ ಫೋನ್ ಮಾಡಿ ನೀನು ಗಂಟಲು ಹರಿದುಕೊಳ್ಳುವುದೇಕೆ? ಕೇಳುವುದೇನಿದ್ದರೂ ಕನ್ನಡದಲ್ಲಿ ಬರೆ. ನಾನು ಓದಿ ಹೇಳುತ್ತೇನೆ, ಅವನು ಹೇಳಿದ್ದನ್ನು ಬರೆದು ಕಳಿಸುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಏನು ಬರೆದಾನು ಎಂದು ಅನುಮಾನ ಬೇಡ. ಮೈಸೂರಿನ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಮೊಳೆ ಜೋಡಿಸಿದ್ದೇನೆ. ಎಂ.ಎ. ಮಾಡಿದವರ ತಪ್ಪು ತಿದ್ದಿದ್ದೇನೆ.

ಇನ್ನೊಂದು. ಕಟ್ಟಿಗೆ ಅಷ್ಟು ಟೇಪು ಸುತ್ತಬೇಡ. ಬಿಚ್ಚುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಶ್ರೀಕಂಠಯ್ಯ


ಫ್ಲೂಗರ್‌ವಿಲ್
19 ಜನವರಿ 2024

ಶ್ರೀಕಂಠಯ್ಯ ಅಂಕಲ್ ಅವರಿಗೆ ನಮಸ್ಕಾರ.

ಫೈಲುಗಳು ಬಂದವು. ಟೇಪು ಕಡಿಮೆ ಮಾಡುತ್ತೇನೆ. ಆದರೆ ಫೋನ್ ಬಿಡುವುದು ಕಷ್ಟ. ಯಾಕೆಂದು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ನಾನು ನರ್ಸ್ ಪ್ರಾಕ್ಟಿಷನರ್. ನರ್ಸಿಂಗ್ ಲೈಸೆನ್ಸ್ ಇದ್ದು, ಅದರ ಮೇಲೆ ಮತ್ತೆ ಓದಿ, ಪರೀಕ್ಷೆ ಬರೆದು, ಎರಡನೇ ಲೈಸೆನ್ಸ್ ಪಡೆದವಳು. ಪಕ್ಕದ ನ್ಯೂ ಮೆಕ್ಸಿಕೋದಲ್ಲಿದ್ದರೆ ಕ್ಲಿನಿಕ್ಕನ್ನು ನಾನೊಬ್ಬಳೇ ನಡೆಸಬಹುದಿತ್ತು. ಟೆಕ್ಸಾಸಿನಲ್ಲಿ ಹಾಗಿಲ್ಲ. ಒಬ್ಬ ಡಾಕ್ಟರು ಒಪ್ಪಂದಕ್ಕೆ ಸಹಿ ಹಾಕಬೇಕು, ತಿಂಗಳಿಗೊಮ್ಮೆ ನನ್ನೊಡನೆ ಮಾತಾಡಬೇಕು, ನನ್ನ ಫೈಲು ನೋಡಬೇಕು. ಆಗ ಮಾತ್ರ ನಾನು ಒಂದು ಬಿ.ಪಿ. ಮಾತ್ರೆ ಬರೆಯಬಹುದು. ಆ ಡಾಕ್ಟರು ಇಲ್ಲವೆಂದರೆ ಅಂದೇ ಬಾಗಿಲು ಹಾಕಬೇಕು. ಒಂಬತ್ತು ವರ್ಷದಿಂದ ವೆಂಕಟಗಿರಿ ಡಾಕ್ಟರು ನನಗೆ ಆ ಸಹಿ ಕೊಡುತ್ತಿದ್ದಾರೆ. ಬೇರೆ ಯಾರೂ ನನ್ನನ್ನು ಒಳಗೆ ಕರೆದು ಕೂರಿಸದಿದ್ದಾಗ ಅವರು ಕೊಟ್ಟರು.

ಮಾತಾಡಿದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡಬೇಕು. ನರ್ಸಿಂಗ್ ಬೋರ್ಡಿನವರು ಯಾವಾಗ ಬೇಕಾದರೂ ಕೇಳಬಹುದು. ಫೋನ್ ಬೇಡವಾದರೆ ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ಮೂರು ಗಂಟೆ ದಾರಿ. ಅವರ ಎದುರು ಹತ್ತು ನಿಮಿಷ ಕೂತರೆ ಸಾಕು.

ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಹಿರಿಯರು. ಸೂಟ್‌ಕೇಸಿನಲ್ಲಿ ತಂದ ಮಾತ್ರೆ ಮುಗಿದಿರುತ್ತದೆ. ಸರಿಯಾದ ಇನ್ಶೂರೆನ್ಸ್ ಇರುವುದಿಲ್ಲ. ಇಂಗ್ಲಿಷಿನಲ್ಲಿ ಹೊಟ್ಟೆನೋವು ಹೇಳಲು ಬರುವುದಿಲ್ಲ. "ಡಾಕ್ಟರಮ್ಮ" ಅನ್ನುತ್ತಾರೆ. ಡಾಕ್ಟರಲ್ಲ, ನರ್ಸು ಎಂದು ಪ್ರತಿ ಸಲ ತಿದ್ದುತ್ತೇನೆ. "ಅಯ್ಯೋ ಬಿಡಿ ಡಾಕ್ಟರಮ್ಮ, ನಾವ್ಯಾರಿಗೂ ಹೇಳಲ್ಲ" ಅನ್ನುತ್ತಾರೆ.

ಶನಿವಾರ ಬರಲೇ?

ಅನುಸೂಯಾ


ಡಲ್ಲಾಸ್
27 ಜನವರಿ 2024

ಅನುಸೂಯಾ,

ಬರಬೇಡ. ಶನಿವಾರವೂ ಬೇಡ, ಭಾನುವಾರವೂ ಬೇಡ. ಮೂವತ್ತೈದು ವರ್ಷ ಹೃದಯದ ಡಾಕ್ಟರಾಗಿದ್ದವನನ್ನು ಎದುರಿಗೆ ಕೂರಿಸಿಕೊಂಡು ಹತ್ತು ನಿಮಿಷ ಪರೀಕ್ಷೆ ಮಾಡುತ್ತೀಯಾ? ಅವನಿಗೆ ಈಗ ಮನೆಗೆ ಜನ ಬಂದರೆ ಆಗುವುದಿಲ್ಲ. ಅಷ್ಟೇ.

ನನಗೂ ಈ ತಿಂಗಳು ತಲೆ ಕೆಟ್ಟುಹೋಗಿದೆ. ಕಾರಿನ ಕೀ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಸ್ಟವ್ ಹಚ್ಚುವ ನಾಬ್‌ಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಯಾಕೆ ಏನು ಎಂದು ಬಿಡಿಸಿ ಬರೆಯುವ ತಾಳ್ಮೆ ಇಲ್ಲ.

ಬರೆದರೆ ಸಾಲದು ಅನ್ನುವುದಾದರೆ ಬೇರೆ ಡಾಕ್ಟರನ್ನು ನೋಡಿಕೋ. ಹ್ಯೂಸ್ಟನ್ ಪಕ್ಕ ಸ್ಟಾಫರ್ಡಿನಲ್ಲಿ ಮೋಹನರಾಜ ಇದ್ದಾನೆ. ಗಿರಿಯ ಕೈಕೆಳಗೆ ಕಲಿತವನು. ಅವನನ್ನು ಹೋಗಿ ಕೇಳು.

ಅಲ್ಲಿಯವರೆಗೆ, ಮಾತುಕತೆಯ ಹಾಳೆಯಲ್ಲಿ ಏನು ಬೇಕೋ ನೀನೇ ತುಂಬಿ ಕಳಿಸು. ಗಿರಿ ಸಹಿ ಹಾಕುತ್ತಾನೆ.

ಶ್ರೀಕಂಠಯ್ಯ


ಫ್ಲೂಗರ್‌ವಿಲ್
12 ಫೆಬ್ರವರಿ 2024

ಅಂಕಲ್,

ಸ್ಟಾಫರ್ಡಿಗೆ ಹೋಗಿ ಬಂದೆ. ಮೋಹನರಾಜ ಡಾಕ್ಟರು ಕಾಫಿ ಕೊಟ್ಟರು, ಪ್ರೀತಿಯಿಂದಲೇ ಮಾತಾಡಿದರು. "ನೋಡಿಮ್ಮ, ಕಾನೂನು ಒಬ್ಬ ಡಾಕ್ಟರಿಗೆ ನಿಮ್ಮಂಥ ನರ್ಸುಗಳು ಏಳು ಜನ ಮಾತ್ರ ಅನ್ನುತ್ತೆ. ನನ್ನ ಹತ್ರ ಆಗಲೇ ಏಳು ಜನ ಇದ್ದಾರೆ. ಎಂಟನೆಯವರನ್ನ ಎಲ್ಲಿ ಕೂರಿಸಲಿ?" ಅಂದರು. ನಾನು ಹೊರಟು ನಿಂತಾಗ, "ಗಿರಿ ಸರ್ ಹೇಗಿದ್ದಾರೆ?" ಎಂದು ಕೇಳಿದರು.

ಚೆನ್ನಾಗಿದ್ದಾರೆ ಅಂದೆ.

ಸೀಡರ್ ಪಾರ್ಕಿನಲ್ಲಿ ಇನ್ನಿಬ್ಬರನ್ನು ಕೇಳಿದ್ದೇನೆ. ಉತ್ತರ ಬಂದಿಲ್ಲ. ಹಾಗಾಗಿ ನೀವು ಹೇಳಿದಂತೆ ಹಾಳೆ ತುಂಬಿ ಕಳಿಸಿದ್ದೇನೆ. "ಜನವರಿ 31, ಫೋನಿನಲ್ಲಿ ಇಪ್ಪತ್ತು ನಿಮಿಷ" ಎಂದು ಬರೆದಿದ್ದೇನೆ.

ಒಂದು ಮುಖ್ಯ ಪ್ರಶ್ನೆ ಇದೆ. ಇದನ್ನು ಅವರಿಗೆ ನಿಧಾನವಾಗಿ ಓದಿ ಹೇಳಿ. ದಾಕ್ಷಾಯಣಿ ಎಂಬವರು, ಅರವತ್ತೆಂಟು ವರ್ಷ, ಹಾಸನದವರು. ಮಗಳು ಶ್ರೇಯಾಳ ಮನೆಗೆ ಬಂದಿದ್ದಾರೆ. ಹೃದಯದ ಬಡಿತ ಹಿಡಿತದಲ್ಲಿರಲೆಂದು ಊರಿನ ಡಾಕ್ಟರು ಡಿಜಾಕ್ಸಿನ್ ಮಾತ್ರೆ ಕೊಟ್ಟಿದ್ದಾರೆ. ಈಗ ರಕ್ತಪರೀಕ್ಷೆಯಲ್ಲಿ ಕಿಡ್ನಿ ಕೆಲಸ ಕಡಿಮೆಯಾಗಿರುವುದು ಗೊತ್ತಾಗಿದೆ. ಊಟ ಸೇರುತ್ತಿಲ್ಲ ಅನ್ನುತ್ತಾರೆ. ಕಿಡ್ನಿ ಸೋತರೆ ಈ ಔಷಧ ಮೈಯಲ್ಲೇ ಉಳಿದುಬಿಡುತ್ತದೆ. ಮಾತ್ರೆಯನ್ನು ಅರ್ಧ ಮಾಡಬೇಕೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಒಪ್ಪಂದದಲ್ಲಿ ಹೃದಯದ ಔಷಧ ಬದಲಾಯಿಸುವ ಮೊದಲು ಡಾಕ್ಟರನ್ನು ಕೇಳಬೇಕೆಂದಿದೆ. ಅರ್ಧ ಮಾಡಲೇ?

ಬೇಗ ಬರೆಯಿರಿ.

ಅನುಸೂಯಾ


ಡಲ್ಲಾಸ್
16 ಫೆಬ್ರವರಿ 2024

ಅನುಸೂಯಾ,

ನಿಧಾನವಾಗಿ ಓದು ಎಂದು ನನಗೇ ಪಾಠ ಹೇಳುತ್ತೀಯಲ್ಲ. ಎರಡು ಸಲ ಓದಿದೆ. "ಇದ್ದ ಹಾಗೇ ಇರಲಿ" ಅಂದ ಗಿರಿ. ಫೈಲಿನಲ್ಲೂ ಬದಲಾವಣೆ ಬೇಡ ಎಂದು ಬರೆದು ಸಹಿಯಾಗಿದೆ. ಒಂದೇ ಸಲಕ್ಕೆ ಹೇಳಿದ, ಯೋಚನೆ ಕೂಡ ಮಾಡಲಿಲ್ಲ. ಅನುಭವ ಅಂದರೆ ಅದು.

ಅರ್ಧ ಮಾತ್ರೆ, ಕಾಲು ಮಾತ್ರೆ ಎಂದು ನೀನು ಹೆದರಿಕೊಂಡು ಕೂರಬೇಡ.

ಶ್ರೀಕಂಠಯ್ಯ


ಫ್ಲೂಗರ್‌ವಿಲ್
16 ಮಾರ್ಚ್ 2024

ಅಂಕಲ್,

ದಾಕ್ಷಾಯಣಿಯವರು ಮೊನ್ನೆ ಆಸ್ಟಿನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಂಟು ದಿನ ಇದ್ದರು. ಮೊದಲು ವಾಂತಿ. ಆಮೇಲೆ ಮಗಳನ್ನೇ ಯಾರೆಂದು ಕೇಳಿದರಂತೆ. ಆಮೇಲೆ ಬಡಿತ ತಪ್ಪಿತು. ರಕ್ತದಲ್ಲಿ ಆ ಔಷಧ ಇರಬೇಕಾದ್ದಕ್ಕಿಂತ ಮೂರು ಪಟ್ಟು ಇತ್ತು.

ನನ್ನ ಬುದ್ಧಿ ಅರ್ಧ ಮಾಡು ಅಂದಿತ್ತು. ಫೈಲಿನಲ್ಲಿ ಬದಲಾವಣೆ ಬೇಡ ಎಂದಿತ್ತು, ಕೆಳಗೆ ಡಾಕ್ಟರ ಸಹಿ ಇತ್ತು. ನಾನು ಸಹಿಯ ಮಾತು ಕೇಳಿದೆ.

ಈಗ ನಿಮ್ಮ ಮೂಲಕ ಬೇಡ. ವೆಂಕಟಗಿರಿ ಡಾಕ್ಟರು ತಮ್ಮ ಕೈಯಿಂದಲೇ ಎರಡು ಸಾಲು ಬರೆಯಲಿ. ಯಾಕೆ ಬೇಡ ಅಂದರು ಎಂದು ಬರೆಯಲಿ. ಅವರಿಗೆ ಏನೋ ಕಂಡಿರಬೇಕು, ನನಗೆ ಕಾಣದ್ದು. ಅದೇನೆಂದು ತಿಳಿದರೆ ಸಾಕು.

ಅನುಸೂಯಾ


ಡಲ್ಲಾಸ್
25 ಮಾರ್ಚ್ 2024

ಅನುಸೂಯಾ,

ಅವನಿಗೆ ಏನೂ ಕಂಡಿರಲಿಲ್ಲ.

ಗಿರಿಗೆ ಮರೆವಿನ ರೋಗ. ಎರಡು ವರ್ಷವಾಯಿತು. ಡಿಸೆಂಬರಿನವರೆಗೆ ನಿನ್ನ ಫೋನಿಗೆ ಹೂಂಗುಟ್ಟಿ ಹೇಗೋ ನಿಭಾಯಿಸಿದ, ಈ ವರ್ಷ ಪೂರ್ತಿ ಕೆಟ್ಟಿತು. "ಇದ್ದ ಹಾಗೇ ಇರಲಿ" ಎಂದು ಅವನು ನಿನ್ನ ಪೇಷಂಟಿನ ವಿಷಯಕ್ಕೆ ಹೇಳಿದ್ದಲ್ಲ. ಅನ್ನಕ್ಕೆ ಸಾರು ಬಡಿಸಲಾ, ಮಜ್ಜಿಗೆಯಾ ಎಂದು ಕೇಳಿದರೂ ಅದನ್ನೇ ಹೇಳುತ್ತಾನೆ. ಕಿಟಕಿ ಮುಚ್ಚಲಾ ಎಂದರೂ ಅದನ್ನೇ. ಅದು ನನಗೆ ಗೊತ್ತಿತ್ತು. ಆ ದಿನವೂ ಗೊತ್ತಿತ್ತು. ಔಷಧದ ವಿಷಯ ಬಂದರೆ ಒಳಗಿನ ಡಾಕ್ಟರು ಎದ್ದು ಬರುತ್ತಾನೆ ಎಂದುಕೊಂಡೆ. ಎದ್ದು ಬಂದ ಎಂದೇ ನಂಬಿದೆ.

ಸಹಿ ನನ್ನದು. ಕಳೆದ ಆಗಸ್ಟಿನಿಂದ ಎಲ್ಲವೂ ನನ್ನದು. ಅಪ್ಪ ಸತ್ತಾಗ ಗಿರಿಗೆ ಎಂಟು ವರ್ಷ, ನನಗೆ ಹದಿಮೂರು. ಅವನ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಹೆಸರಿನಲ್ಲಿ ನಾನೇ ಸಹಿ ಹಾಕುತ್ತಿದ್ದೆ. ಮೇಷ್ಟರಿಗೂ ಗೊತ್ತಿತ್ತು, ಸುಮ್ಮನಿರುತ್ತಿದ್ದರು. ಇದೂ ಹಾಗೇ ಎಂದುಕೊಂಡೆ.

ಯಾಕೆ ಮಾಡಿದೆ ಎಂದು ಕೇಳುತ್ತೀಯ. ನಿನ್ನ ಕಟ್ಟು ಬಂದ ದಿನ ಅವನು ಸ್ನಾನ ಮಾಡುತ್ತಾನೆ. ಉಳಿದ ದಿನ ನಾನು ಗೋಗರೆಯಬೇಕು. ಇಸ್ತ್ರಿ ಶರಟು ಹಾಕಿ, ಮೇಜಿನ ಮುಂದೆ ಕೂತು, "ಅಣ್ಣಾ, ಇವತ್ತು ಎಷ್ಟು ಪೇಷಂಟು?" ಎಂದು ಕೇಳುತ್ತಾನೆ. ಇಪ್ಪತ್ತು ಅನ್ನುತ್ತೇನೆ. ಒಂದೊಂದೇ ಹಾಳೆ ಮಗುಚುತ್ತಾನೆ. ಒಂದು ಗಂಟೆ ಅವನು ಡಾಕ್ಟರು. ಒಪ್ಪಂದ ಬಿಟ್ಟರೆ ಆ ಗಂಟೆಯೂ ಹೋಗುತ್ತದೆ ಎಂದು ಬಿಡಲಿಲ್ಲ.

ಆ ಹೆಂಗಸಿನ ಹೆಸರು ನನಗೆ ನೆನಪಿರಲಿಲ್ಲ. ಇವತ್ತು ನಿನ್ನ ಹಳೆಯ ಕಾಗದ ತೆಗೆದು ನೋಡಿಕೊಂಡೆ. ದಾಕ್ಷಾಯಣಿ.

ಶ್ರೀಕಂಠಯ್ಯ


ಫ್ಲೂಗರ್‌ವಿಲ್
2 ಏಪ್ರಿಲ್ 2024

ಶ್ರೀಕಂಠಯ್ಯನವರೇ,

ನಿಮ್ಮ ಕಾಗದ ಓದಿದ ಬೆಳಿಗ್ಗೆಯೇ ಕ್ಲಿನಿಕ್ ಮುಚ್ಚಿದೆ. ಡಾಕ್ಟರಿಲ್ಲದ ಮೇಲೆ ನಾನು ಬರೆಯುವ ಒಂದೊಂದು ಚೀಟಿಯೂ ಕಾನೂನಿಗೆ ವಿರುದ್ಧ. ಆಗಸ್ಟಿನಿಂದ ಬರೆದದ್ದೆಲ್ಲ ಹಾಗೇ ಇತ್ತು. ಬಾಗಿಲಿಗೆ ಕಾಗದ ಅಂಟಿಸಿದ್ದೇನೆ. ಪೇಷಂಟುಗಳು ಅದರ ಕೆಳಗೇ ನಿಂತು ಫೋನ್ ಮಾಡಿ, "ಡಾಕ್ಟರಮ್ಮ, ಬಾಗಿಲು ಹಾಕಿದೆಯಲ್ಲ, ಶುಗರ್ ಮಾತ್ರೆ ಮುಗಿದಿದೆ" ಅನ್ನುತ್ತಾರೆ.

ಶ್ರೇಯಾ ಬೋರ್ಡಿಗೆ ದೂರು ಕೊಟ್ಟಿದ್ದಾಳೆ. ಕೊಡಬೇಕಾದ್ದೇ. ವಿಚಾರಣೆಯವರು ನನ್ನ ಎಲ್ಲ ಹಾಳೆ ಕೇಳಿದ್ದಾರೆ. ನಡೆಯದ ಮಾತುಕತೆಗೆ ಇಪ್ಪತ್ತು ನಿಮಿಷ ಎಂದು ಬರೆದವಳು ನಾನು.

ಅಕ್ಕಿ ಡಬ್ಬಿಯಲ್ಲಿ ಕೀ, ಜೇಬಿನಲ್ಲಿ ಸ್ಟವ್ ನಾಬ್. ಯಾರಾದರೂ ಪೇಷಂಟಿನ ಮನೆಯವರು ಹೀಗೆ ಹೇಳಿದ್ದರೆ ಎರಡನೇ ವಾಕ್ಯಕ್ಕೇ ರೋಗದ ಹೆಸರು ಹೇಳುತ್ತಿದ್ದೆ. ನಿಮ್ಮ ಕಾಗದದಲ್ಲಿ ಅದನ್ನು ಓದಿ, ನಿಮಗೇ ವಯಸ್ಸಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು.

ಆದರೂ ಒಂದು ಮಾತು ಹೇಳದೆ ಇರಲಾರೆ. ಒಂದು ಜೀವವನ್ನು ಏಳನೇ ಕ್ಲಾಸು ಓದಿದವರ ಕೈಗೆ ಕೊಟ್ಟೆನಲ್ಲ ಎಂದು ನಿದ್ದೆ ಬರುತ್ತಿಲ್ಲ.

ಅನುಸೂಯಾ


ಫ್ಲೂಗರ್‌ವಿಲ್
29 ಏಪ್ರಿಲ್ 2024

ಅಂಕಲ್,

ಕಳೆದ ಕಾಗದದ ಕೊನೆಯ ಸಾಲು ಬರೆಯಬಾರದಿತ್ತು. ದಯವಿಟ್ಟು ಉತ್ತರ ಬರೆಯಿರಿ. ಡಾಕ್ಟರು ಹೇಗಿದ್ದಾರೆ?

ಅನುಸೂಯಾ


ಫ್ಲೂಗರ್‌ವಿಲ್
20 ಮೇ 2024

ಅಂಕಲ್,

ಫೋನ್ ಮಾಡಿದೆ, ರಿಂಗಾಗಿ ಆಗಿ ನಿಂತಿತು. ಏಳು ವಾರವಾಯಿತು. ಹೆದರಿದ್ದೀರಿ ಎಂದು ತಿಳಿದುಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಪೊಲೀಸು, ಕೋರ್ಟು ಎಂದರೆ ಯಾರಿಗಾದರೂ ಹೆದರಿಕೆಯೇ.

ಹೆದರಬೇಡಿ. ನಾಡಿದ್ದು ಬುಧವಾರ, 22ಕ್ಕೆ, ನಾನು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಏನು ಹೇಳುವುದೆಂದು ನಿರ್ಧಾರ ಮಾಡಿದ್ದೇನೆ. ಮಾತುಕತೆ ನಡೆದಿತ್ತು. ಸಹಿ ಡಾಕ್ಟರದ್ದೇ. ಆಗ ಅವರು ಸರಿಯಾಗಿಯೇ ಇದ್ದರು. ಮಾತ್ರೆಯ ವಿಷಯದಲ್ಲಿ ತಪ್ಪು ನನ್ನದು. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ.

ನಾನು ಕೆಲಸ ಹುಡುಕಿಕೊಂಡು ಅಲೆಯುತ್ತಿದ್ದಾಗ ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನೋಕೆ ಬರುತ್ತಾ ನಿಂಗೆ?" ಬರುತ್ತದೆ ಅಂದೆ. ಸಹಿ ಹಾಕಿದರು. ಅಂಥವರ ಹೆಸರನ್ನು ನಾನು ಬೀದಿಗೆ ಎಳೆಯಲಾರೆ. ನಿಮ್ಮನ್ನೂ ಎಳೆಯಲಾರೆ.

ಅನುಸೂಯಾ


ಡಲ್ಲಾಸ್
24 ಮೇ 2024

ಅನುಸೂಯಾ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಪಕ್ಕದ ಮನೆಯ ಚಿನ್ಮಯ್ ಆಫೀಸಿಗೆ ರಜ ಹಾಕಿ ಕೂತು ನಿನಗೆ ನಾಲ್ಕು ಸಲ ಫೋನ್ ಮಾಡಿದ. ನೀನು ಎತ್ತಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಬೇಗ ತಲುಪುವ ಅಂಚೆಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಾನು ಹೆದರಿರಲಿಲ್ಲ. ಏಪ್ರಿಲ್ ಹದಿನೈದಕ್ಕೇ ಬೋರ್ಡಿಗೆ ಬರೆದೆ. ನಾನು ಕನ್ನಡದಲ್ಲಿ ಹೇಳಿದೆ, ಚಿನ್ಮಯ್ ಇಂಗ್ಲಿಷ್ ಮಾಡಿದ. ಸಹಿ ನನ್ನದು, ತಮ್ಮನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಆ ಹುಡುಗಿ ಅರ್ಧ ಮಾಡಬೇಕು ಎಂದೇ ಕೇಳಿದ್ದಳು, ಬೇಡ ಎಂದು ಬರೆದವನು ನಾನು. ನಿನ್ನ ಫೆಬ್ರವರಿ ಕಾಗದವನ್ನೂ ಜೊತೆಗಿಟ್ಟೆ. ನೀನು ಉಳಿಯಬೇಕು ಎಂದೇ ಬರೆದದ್ದು.

ನಿನಗೆ ಮಾತ್ರ ಹೇಳಲಿಲ್ಲ. ಏಳನೇ ಕ್ಲಾಸಿನವನು ಏನು ಮಾಡಿದ ಎಂದು ಬೋರ್ಡಿನವರ ಬಾಯಲ್ಲೇ ಕೇಳಿ ತಿಳಿಯಲಿ ಎಂದುಕೊಂಡೆ. ಆ ಸಾಲು ಬರೆಯಬಾರದಿತ್ತು ಎಂದ ನಿನ್ನ ಎರಡನೇ ಕಾಗದವನ್ನು ಒಡೆದು ಓದಿ, ಹಾಗೇ ಮಡಿಸಿಟ್ಟೆ. ಇನ್ನೂ ಸ್ವಲ್ಪ ದಿನ ಒದ್ದಾಡಲಿ ಎಂದು.

ಬುಧವಾರ ಅವರು ನಿನ್ನನ್ನು ಸಹಿ ಯಾರದು ಎಂದು ಕೇಳಿದಾಗ ನನ್ನ ಕಾಗದ ಅವರ ಕೈಯಲ್ಲೇ ಇತ್ತು. ಇದು ತಲುಪಿದ ಕೂಡಲೇ ಹೋಗು. ಹೇಳಿದ್ದು ಸುಳ್ಳು ಎಂದು ಹೇಳು. ಮುದುಕ ಹೆದರಿಸಿದ ಅನ್ನು. ಏನಾದರೂ ಅನ್ನು.

ಶ್ರೀಕಂಠಯ್ಯ


ಫ್ಲೂಗರ್‌ವಿಲ್
30 ಆಗಸ್ಟ್ 2024

ಅಂಕಲ್,

ತೀರ್ಪು ಬಂತು. ಎರಡೂ ಲೈಸೆನ್ಸ್ ಹೋದವು. ನರ್ಸ್ ಪ್ರಾಕ್ಟಿಷನರ್ ಲೈಸೆನ್ಸ್ ಮಾತ್ರವಲ್ಲ, ಇಪ್ಪತ್ತೆರಡನೇ ವಯಸ್ಸಿನಿಂದ ಇದ್ದ ನರ್ಸಿಂಗ್ ಲೈಸೆನ್ಸ್ ಕೂಡ.

ನಿಮ್ಮ ಕಾಗದ ತಲುಪಿದ್ದು ಶನಿವಾರ; ರಜೆ ಮುಗಿದು ಮಂಗಳವಾರ ಆಫೀಸು ತೆರೆದ ಕೂಡಲೇ ಹೋಗಿ ತಿದ್ದಿದೆ. ಪ್ರಮಾಣ ಮಾಡಿ ಹೇಳಿದ್ದನ್ನು ಆರು ದಿನ ಬಿಟ್ಟು ತಿದ್ದಿದರೆ ಯಾರು ನಂಬುತ್ತಾರೆ? ನನ್ನ ವಕೀಲರು ಹೇಳಿದರು, ಮಾತ್ರೆಯ ವಿಷಯದಲ್ಲಿ ನಿಮ್ಮ ಕಾಗದ ನನ್ನನ್ನು ಬಹುಪಾಲು ಉಳಿಸುತ್ತಿತ್ತಂತೆ. ಸುಳ್ಳು ಹಾಳೆಗಳಿಗೆ ಶಿಕ್ಷೆ ಆಗುತ್ತಿತ್ತು, ಆದರೆ ಮತ್ತೆ ಕೆಲಸ ಮಾಡುವ ದಾರಿ ಇರುತ್ತಿತ್ತು. ಆ ಹೇಳಿಕೆಯಿಂದ ದಾರಿ ಮುಚ್ಚಿತು. ಬೋರ್ಡಿನವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ.

ತೀರ್ಪಿನ ದಿನ ಶ್ರೇಯಾ ಬಂದಿದ್ದಳು. ಹೊರಗೆ ಕಾರಿಡಾರಿನಲ್ಲಿ ಹತ್ತಿರ ಬಂದಳು. ಕೂಗಾಡುತ್ತಾಳೆ ಎಂದುಕೊಂಡೆ. "ಅರ್ಧ ಮಾಡಬೇಕು ಅಂತ ನಿಮಗೆ ಗೊತ್ತಿತ್ತಲ್ವಾ?" ಎಂದು ಮಾತ್ರ ಕೇಳಿದಳು. ಗೊತ್ತಿತ್ತು ಅಂದೆ. ತಿರುಗಿ ಹೋದಳು.

ಕ್ಲಿನಿಕ್ ಇದ್ದ ಜಾಗಕ್ಕೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಬರುತ್ತಿದೆ. ನಾನು ಒಂದು ಮನೆಯಲ್ಲಿ ವಯಸ್ಸಾದವರಿಗೆ ಅಡಿಗೆ ಮಾಡಿ ಹಾಕುವ ಕೆಲಸ ಹಿಡಿದಿದ್ದೇನೆ. ಅವರ ಮಾತ್ರೆ ಡಬ್ಬಿ ಅಡಿಗೆಮನೆ ಕಟ್ಟೆಯ ಮೇಲೇ ಇರುತ್ತದೆ. ನಾನು ಮುಟ್ಟುವ ಹಾಗಿಲ್ಲ. ಮೊನ್ನೆ ಅದರಲ್ಲಿ ಒಂದು ತಪ್ಪು ಕಂಡಿತು, ಅವರ ಮಗನಿಗೆ ಹೇಳಿದೆ. "ನೀವು ಅಡಿಗೆ ನೋಡ್ಕೊಳ್ಳಿ ಆಂಟಿ" ಅಂದ.

ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆಯಬೇಕೆಂದು ಕೂತೆ. ಆದರೆ ಇದೆ. ನನ್ನ ಮೇಲೂ ಇದೆ.

ಅನುಸೂಯಾ


ಡಲ್ಲಾಸ್
9 ಸೆಪ್ಟೆಂಬರ್ 2024

ಅನುಸೂಯಾ,

ಕೋಪ ಇರಲಿ. ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ನನ್ನ ಮೇಲೆ ಕೇಸಾಗಿದೆ. ಮುಂದಿನ ತಿಂಗಳು ಕೋರ್ಟು. ಏನು ಮಾಡುತ್ತಾರೋ ಮಾಡಲಿ. ಗಿರಿಯನ್ನು ಮರೆವಿನವರನ್ನು ನೋಡಿಕೊಳ್ಳುವ ಮನೆಗೆ ಸೇರಿಸಿದ್ದೇನೆ. ದಿನಾ ಮಧ್ಯಾಹ್ನ ಚಿನ್ಮಯ್ ಅವರಮ್ಮ ನನ್ನನ್ನು ಅಲ್ಲಿಗೆ ಕಾರಿನಲ್ಲಿ ಬಿಟ್ಟು ಬರುತ್ತಾರೆ. ಕೆಲವು ದಿನ ನನ್ನ ಗುರುತು ಸಿಗುತ್ತದೆ, ಕೆಲವು ದಿನ ಇಲ್ಲ.

ಅವನಿಗೆ ಇದೆಲ್ಲ ಹೇಳಬಾರದೆಂದಿದ್ದೆ. ನಿನ್ನ ಕಾಗದ ಓದಿದ ಮೇಲೆ ತಡೆಯಲಾಗಲಿಲ್ಲ, ನಿನ್ನೆ ಹೇಳಿದೆ. ಮಾತ್ರೆ, ಆ ತಾಯಿ, ನೀನು ಕೇಳಿದ್ದು, ನಾನು ಬರೆದದ್ದು, ಎಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದೆ. ಅವನು ಬೆರಳು ನೋಡಿಕೊಳ್ಳುತ್ತ ಕೂತಿದ್ದ. ಆಮೇಲೆ ಕೇಳಿದ.

"ಅನುಸೂಯಾ ಅಂದ್ರೆ ಯಾರು?"

"ನರ್ಸು" ಅಂದೆ.

"ಪೇಷಂಟನ್ನ ಮುಟ್ಟಿ ನೋಡಿದ್ದು ಯಾರು?"

"ಅವಳೇ."

"ನೀನು ನೋಡಿದ್ಯಾ?"

"ಇಲ್ಲ."

"ನಾನು?"

"ನೀನೂ ಇಲ್ಲ."

"ಮತ್ತೆ ಅವಳು ಹೇಳಿದ ಹಾಗೆ ಮಾಡೋಕೆ ನಿಮಗೇನು ಕಷ್ಟ?" ಅಂದ. ಡ್ಯೂಟಿಯಲ್ಲಿದ್ದಾಗ ಚಿಕ್ಕ ಡಾಕ್ಟರುಗಳನ್ನು ಗದರುತ್ತಿದ್ದನಲ್ಲ, ಅದೇ ದನಿ. ಎದ್ದು ನಿಂತ. ನನ್ನನ್ನು ಬಾಗಿಲ ಕಡೆಗೆ ತಳ್ಳಿದ. "ಹೋಗಿ, ಅರ್ಧ ಮಾಡಿ ಅಂತ ಬೇಗ ಹೇಳಿ ಅವಳಿಗೆ. ಆ ಯಮ್ಮ ಸತ್ತುಹೋಗ್ತಾಳೆ."

ಹೇಳುತ್ತೇನೆ ಅಂದೆ. ಹೇಳಿದ್ದೇನೆ.

ಶ್ರೀಕಂಠಯ್ಯ